ಇಬ್ಬರಿಗೆ ಒಂದು ಪಾವು ಬೇಳೆ: ಯುಗಾದಿ ಅಡುಗೆಯ ಸಣ್ಣ ಇತಿಹಾಸ

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ)

ಈ ವಾರ ರಾಜರು, ಕೋಟೆ, ಯುದ್ಧ ಸ್ವಲ್ಪ ಪಕ್ಕಕ್ಕಿರಲಿ. ರಾಜರು ಬರ್ತಾರೆ, ಆದರೆ ಊಟದ ಎಲೆ ಮುಂದೆ ಕೂತಿರ್ತಾರೆ. ಈ ವಾರದ ವಿಷಯ ಹಬ್ಬದ ಅಡುಗೆ. ಅದರಲ್ಲೂ ಇಬ್ಬರೇ ಇರೋ ಮನೆಯ ಹಬ್ಬದ ಅಡುಗೆ.

ಇದು ಶುರುವಾಗಿದ್ದು ನಮ್ಮ ಮನೆಯಿಂದ. ಅಮ್ಮ ತೀರಿಕೊಂಡು ವರ್ಷದ ಮೇಲಾಯ್ತು. ಮೊದಲನೇ ವರ್ಷ ಯಾವ ಹಬ್ಬಕ್ಕೂ ನಾವು ಒಲೆ ಮೇಲೆ ಬಾಣಲೆ ಇಡಲಿಲ್ಲ. ಆ ಯುಗಾದಿಗೆ ಪಕ್ಕದ ಮನೆ ಆಂಟಿ ಸ್ಟೀಲ್ ಡಬ್ಬಿಯಲ್ಲಿ ನಾಲ್ಕು ಒಬ್ಬಟ್ಟು ತಂದುಕೊಟ್ಟರು. ಅಪ್ಪ ಅರ್ಧ ತಿಂದು ಎದ್ದುಬಿಟ್ಟ. ವರ್ಷದ ಕಾರ್ಯ ಎಲ್ಲ ಮುಗಿದು ಈ ಸಲದ ಯುಗಾದಿ ಹತ್ತಿರ ಬಂತು. ಏನು ಮಾಡೋಣ ಅಂತ ಕೇಳಿದೆ. ಅಪ್ಪ ಟಿವಿ ಕಡೆಯಿಂದ ಮುಖ ತಿರುಗಿಸದೆ, 'ಇಬ್ರಿಗೆ ಏನ್ ಹಬ್ಬ ಮಗ? ಅಂಗಡಿಯಿಂದ ನಾಲ್ಕು ಒಬ್ಬಟ್ಟು ತಂದ್ಬಿಡು, ಸಾಕು' ಅಂದ.

ಆ ಮಾತು ನನ್ನನ್ನು ಕೊರೀತಾ ಇತ್ತು. ಹಬ್ಬ ಅಂದರೆ ಜನ, ಜನ ಇಲ್ಲ ಅಂದರೆ ಹಬ್ಬ ಇಲ್ಲ, ಇದು ನಾವೆಲ್ಲ ನಂಬಿಕೊಂಡಿರೋ ವಿಷಯ. ಆದರೆ ಇತಿಹಾಸ ಹಾಗೇ ಹೇಳುತ್ತಾ? ನಾನು ಓದಿದ್ದು ಬಿ.ಕಾಂ. ಯಾವುದನ್ನೇ ಆಗಲಿ ಲೆಕ್ಕ ಹಾಕಿ ನೋಡೋ ಚಾಳಿ. ಹಾಗಾಗಿ ಲೆಕ್ಕದಿಂದಲೇ ಶುರು ಮಾಡ್ತೀನಿ.

ಅಮ್ಮನ ಪಾವು

ಅಂಗಡಿಯಿಂದ ತರಲ್ಲ, ನಾನೇ ಮಾಡ್ತೀನಿ ಅಂತ ಹೇಳಿಬಿಟ್ಟೆ. ಹೇಳಿದ ಮೇಲೆ ಗೊತ್ತಾಯ್ತು, ನನಗೆ ಅನ್ನ, ಮೊಟ್ಟೆ, ಮ್ಯಾಗಿ ಬಿಟ್ಟರೆ ಏನೂ ಬರಲ್ಲ ಅಂತ. ಅಮ್ಮ ಯಾವುದನ್ನೂ ಬರೆದಿಟ್ಟಿರಲಿಲ್ಲ. ಯೂಟ್ಯೂಬ್ ನೋಡಿದರೆ ಅಲ್ಲಿ ಎಲ್ಲ ಕಪ್ ಲೆಕ್ಕ. ಯಾರ ಮನೆ ಕಪ್? ಕೊನೆಗೆ ಊರಲ್ಲಿರೋ ದೊಡ್ಡಮ್ಮನಿಗೆ ಫೋನ್ ಮಾಡಿದೆ. 'ಇಬ್ರಿಗೆ ತಾನೆ? ಒಂದು ಪಾವು ಬೇಳೆ ಸಾಕು ಕಣೋ. ನಿಮ್ಮಮ್ಮನ ಪಾವು ಅಕ್ಕಿ ಡಬ್ಬದಲ್ಲಿ ಇರುತ್ತೆ ನೋಡು' ಅಂದಳು.

ಇತ್ತು. ಅಕ್ಕಿಯಲ್ಲಿ ಅರ್ಧ ಹೂತಿದ್ದ ಹಿತ್ತಾಳೆ ಪಾವು. ಅಮ್ಮ ದಿನಾ ಅದರಲ್ಲೇ ಅಳೆದು ಅನ್ನಕ್ಕೆ ಇಡ್ತಿದ್ದಳು. ಅಮ್ಮ ಹೋದ ಮೇಲೆ ನಾನು ಕಾಫಿ ಲೋಟದಲ್ಲಿ ಅಕ್ಕಿ ತೆಗೀತಿದ್ದೆ, ಪಾವಿನ ಕಡೆ ಕಣ್ಣೇ ಹೋಗಿರಲಿಲ್ಲ.

ಪಾವು ಅಂದರೆ ಕಾಲು ಸೇರು. ಎರಡು ಪಾವು ಸೇರಿದರೆ ಅಚ್ಚೇರು, ನಾಲ್ಕು ಸೇರಿದರೆ ಸೇರು. ಪಾವಿನ ಕಾಲುಭಾಗ ಚಟಾಕು. ನಮ್ಮ ಅಜ್ಜ-ಅಜ್ಜಿ ಕಾಲದ ವ್ಯಾಪಾರ ನಡೆದಿದ್ದೇ ಈ ಲೆಕ್ಕದಲ್ಲಿ. ತೊಂದರೆ ಏನಂದರೆ ಸೇರು ಎಲ್ಲ ಕಡೆ ಒಂದೇ ಇರಲಿಲ್ಲ. ತೂಕದ ಸೇರು ಬೇರೆ, ಅಳತೆಯ ಸೇರು ಬೇರೆ. ಕಚ್ಚಾ ಸೇರು ಬೇರೆ, ಪಕ್ಕಾ ಸೇರು ಬೇರೆ. 80 ತೊಲದ ಸೇರು ಅಂದರೆ ಇವತ್ತಿನ ಲೆಕ್ಕದಲ್ಲಿ ಸುಮಾರು 933 ಗ್ರಾಂ. ಆದರೆ ಒಂದು ಸಂತೆಯ ಸೇರು ಇನ್ನೊಂದು ಸಂತೆಯ ಸೇರಿಗೆ ಸಮ ಇರಬೇಕು ಅಂತೇನೂ ಇರಲಿಲ್ಲ.

ಸ್ವಾತಂತ್ರ್ಯ ಬಂದ ಮೇಲೆ ಸರ್ಕಾರ ಇದನ್ನೆಲ್ಲ ಒಂದು ದಾರಿಗೆ ತಂದಿತು. 1956ರಲ್ಲಿ ತೂಕ ಮತ್ತು ಅಳತೆಯ ಕಾನೂನು ಬಂತು. 1957ರ ಏಪ್ರಿಲ್‌ನಲ್ಲಿ ದುಡ್ಡು ಬದಲಾಯ್ತು: ಹದಿನಾರು ಆಣೆಯ ರೂಪಾಯಿ ನೂರು ನಯಾ ಪೈಸೆ ಆಯ್ತು. 1958ರ ಅಕ್ಟೋಬರ್‌ನಿಂದ ಕಿಲೋ, ಗ್ರಾಂ ಹಂತ ಹಂತವಾಗಿ ಅಂಗಡಿಗೆ ಬಂದವು. 1962ರ ಏಪ್ರಿಲ್ ಹೊತ್ತಿಗೆ ವ್ಯಾಪಾರದಲ್ಲಿ ಹಳೆ ತೂಕ ಬಳಸೋ ಹಾಗಿಲ್ಲ ಅಂತಾಯ್ತು. ಸೇರು ಅಂಗಡಿಯಿಂದ ಹೊರಗೆ ಹೋಯ್ತು. ಆದರೆ ಅಡುಗೆ ಮನೆಗೆ ಇನ್‌ಸ್ಪೆಕ್ಟರ್ ಬರಲ್ಲವಲ್ಲ. ಅರವತ್ತು ವರ್ಷ ದಾಟಿದರೂ ಪಾವು ಅಕ್ಕಿ ಡಬ್ಬದೊಳಗೆ ಹಾಯಾಗಿ ಕೂತಿದೆ.

ನಾನು ಡಿಜಿಟಲ್ ತಕ್ಕಡಿ ಮೇಲೆ ಇಟ್ಟು ನೋಡಿದೆ. ಅಮ್ಮನ ಪಾವಿಗೆ ತೊಗರಿಬೇಳೆ ತಲೆ ಸಮ ಹಾಕಿದರೆ 215 ಗ್ರಾಂ. ಬರೆದಿಟ್ಟುಕೊಂಡೆ. ಅಮ್ಮನ ಅಡುಗೆ ಬಗ್ಗೆ ನನ್ನ ಹತ್ತಿರ ಇರೋ ಮೊದಲ ಲಿಖಿತ ದಾಖಲೆ ಅದು.

ಈ ಪಾವಿನ ಬಗ್ಗೆ ಯೋಚಿಸಿ. ಸೇರಿನ ಅಳತೆ ಇದ್ದ ಮನೆಯಲ್ಲೇ ಪಾವು, ಅರೆಪಾವು, ಚಟಾಕು ಕೂಡ ಇದ್ದವು. ಅಂದರೆ ಸ್ವಲ್ಪವೇ ಅಡುಗೆ ಮಾಡಬೇಕಾದ ದಿನ, ಕಡಿಮೆ ಜನ ಇರೋ ಮನೆ, ಇವೆಲ್ಲ ಆ ಕಾಲದಲ್ಲೂ ಇದ್ದವು. ಇಲ್ಲದಿದ್ದರೆ ಅಷ್ಟು ಸಣ್ಣ ಅಳತೆ ಯಾಕೆ ಬೇಕಿತ್ತು?

ಮನೆ ತುಂಬ ಜನ ಇದ್ದರಾ?

ಈಗ ದೊಡ್ಡ ಪ್ರಶ್ನೆಗೆ ಬರೋಣ. 'ಮೊದಲೆಲ್ಲ ಒಂದೊಂದು ಮನೆಯಲ್ಲಿ ಇಪ್ಪತ್ತು-ಮೂವತ್ತು ಜನ' ಅಂತ ನಾವೆಲ್ಲ ಕೇಳಿಕೊಂಡೇ ಬೆಳೆದಿದ್ದೀವಿ. ನಿಜಕ್ಕೂ ಹಾಗಿತ್ತಾ?

ಮೊದಲು ನಮ್ಮ ಕಾಲದ ಲೆಕ್ಕ. 2011ರ ಜನಗಣತಿ ಪ್ರಕಾರ ಕರ್ನಾಟಕದಲ್ಲಿ 6.11 ಕೋಟಿ ಜನ, ಸುಮಾರು 1.32 ಕೋಟಿ ಮನೆಗಳು. ಭಾಗಿಸಿ. ಒಂದು ಮನೆಗೆ 4.6 ಜನ. ಸರಿ, ಕಡಿಮೆಯೇ. ಹಾಗಾದರೆ ಇನ್ನೂರು ವರ್ಷದ ಹಿಂದೆ?

ಇಲ್ಲಿ ಒಬ್ಬರ ಹೆಸರು ಹೇಳಲೇಬೇಕು, ಎ.ಎಂ. ಶಾ. ಮೈಸೂರಲ್ಲಿ ಹುಟ್ಟಿ ದೇಶದ ದೊಡ್ಡ ಸಮಾಜಶಾಸ್ತ್ರಜ್ಞರಾದ ಎಂ.ಎನ್. ಶ್ರೀನಿವಾಸ್ ಬರೋಡಾದಲ್ಲಿ ಪಾಠ ಹೇಳ್ತಿದ್ದಾಗ ಶಾ ಅವರ ಶಿಷ್ಯ. ಶಾ ಗುಜರಾತಿನ ಒಂದು ಹಳ್ಳಿಯನ್ನು ಆರಿಸಿಕೊಂಡು, 19ನೇ ಶತಮಾನದ ಆರಂಭದಲ್ಲಿ ಆ ಹಳ್ಳಿಯ ಮನೆಮನೆಯನ್ನೂ ಎಣಿಸಿ ಬರೆದಿಟ್ಟಿದ್ದ ದಾಖಲೆ ಹುಡುಕಿ ತೆಗೆದರು. 1973ರಲ್ಲಿ ಪುಸ್ತಕ ಬಂತು. ಅದರ ಸಾರ ಕೇಳಿದರೆ ನಮ್ಮ ಅಜ್ಜಿಯರು ಒಪ್ಪಲ್ಲ: ಆ ಕಾಲದಲ್ಲೂ ಆ ಹಳ್ಳಿಯ ಹೆಚ್ಚಿನ ಮನೆಗಳು ಚಿಕ್ಕವೇ. ಅವಿಭಕ್ತ ಕುಟುಂಬಗಳು ಇದ್ದವು, ಆದರೆ ಎಲ್ಲರ ಮನೆಯೂ ಹಾಗಿರಲಿಲ್ಲ. ಒಂದು ಮನೆ ದೊಡ್ಡದಾಗುತ್ತೆ, ಪಾಲಾಗುತ್ತೆ, ಚಿಕ್ಕದಾಗುತ್ತೆ, ಮತ್ತೆ ಬೆಳೆಯುತ್ತೆ. ಇದು ಒಂದು ಚಕ್ರ.

ಅದು ಗುಜರಾತಿನ ಒಂದು ಹಳ್ಳಿಯ ಮಾತು, ನಮ್ಮೂರಿಗೆ ಹಾಗೇ ಅಂಟಿಸೋಕೆ ಆಗಲ್ಲ ಅಂತ ನೀವು ಹೇಳಬಹುದು, ಸರಿ. ಆದರೆ ಒಂದು ಪ್ರಶ್ನೆ ನಮ್ಮೂರಿಗೂ ಹೊಂದುತ್ತೆ. ಮೂವತ್ತು ಜನರ ಮನೆ ಇರಬೇಕು ಅಂದರೆ ಮೂವತ್ತು ಜನಕ್ಕೆ ಊಟ ಹಾಕೋ ಭೂಮಿ ಇರಬೇಕು. ಭೂಮಿ ಇಲ್ಲದ ಮನೆ? ಕೂಲಿ ಮಾಡೋ ಗಂಡ-ಹೆಂಡತಿ? ಅವರೂ ಯುಗಾದಿ ಮಾಡಿದ್ದಾರೆ. ಅವರ ಹಬ್ಬ ಯಾರ ನೆನಪಿನ ಪುಸ್ತಕದಲ್ಲೂ ಬಂದಿಲ್ಲ, ಅಷ್ಟೆ.

ಇನ್ನೊಂದು ಲೆಕ್ಕ. ನಮ್ಮ ಅಪ್ಪನ ಊರಿನ ಮನೆಯಲ್ಲಿ ಯುಗಾದಿಗೆ ಹದಿನಾಲ್ಕು ಜನ ಸೇರ್ತಿದ್ದರು. ನನಗೂ ನೆನಪಿದೆ. ಸಾಲಾಗಿ ಎಲೆ, ಮಾವಿನ ತೋರಣ, ಹೊಸ ಬಟ್ಟೆ. ಈ ಸಲ ಆ ನೆನಪನ್ನು ಕೂತು ಸರಿಯಾಗಿ ಕೆದಕಿದೆ. ಆ ಸಾಲಿನಲ್ಲಿ ಅಮ್ಮ ಎಲ್ಲಿ ಕೂತಿದ್ದಳು? ಎಲ್ಲೂ ಇಲ್ಲ. ಅಮ್ಮ, ದೊಡ್ಡಮ್ಮ, ಅಜ್ಜಿ ಮೂವರೂ ಒಳಗೆ. ಒಬ್ಬರು ತಟ್ಟೋದು, ಒಬ್ಬರು ಬೇಯಿಸೋದು, ಒಬ್ಬರು ಬಡಿಸೋದು. ಹದಿನಾಲ್ಕು ಜನ ಅನ್ನೋ ಸಂಭ್ರಮದ ಬಿಲ್ ಕಟ್ಟಿದ್ದು ಮೂರು ಜನ.

2019ರಲ್ಲಿ ಕೇಂದ್ರ ಸರ್ಕಾರ ಒಂದು ಸಮಯ ಬಳಕೆ ಸಮೀಕ್ಷೆ ಮಾಡಿಸಿತು. ಮನೆಗೆಲಸ ಮಾಡೋ ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ 299 ನಿಮಿಷ ಕೊಡ್ತಾರೆ. ಮಾಡೋ ಗಂಡಸರು 97 ನಿಮಿಷ. 'ಮಾಡೋ' ಅನ್ನೋ ಪದ ಗಮನಿಸಿ. ಹೆಂಗಸರಲ್ಲಿ ನೂರಕ್ಕೆ 81 ಜನ ಮಾಡ್ತಾರೆ, ಗಂಡಸರಲ್ಲಿ ನೂರಕ್ಕೆ 26. ಉಳಿದ 74ರಲ್ಲಿ ನಾನೂ ಒಬ್ಬ ಆಗಿದ್ದೆ. ಇದನ್ನು ಹೆಮ್ಮೆಯಿಂದ ಹೇಳ್ತಿಲ್ಲ.

ರಾಜರ ಎಲೆಯಲ್ಲಿ ಏನಿತ್ತು?

ಸರಿ, ಈಗ ರಾಜರು ಬರಲಿ. ಕನ್ನಡ ನಾಡಿನ ಅಡುಗೆ ಬಗ್ಗೆ ಬರಹದಲ್ಲಿ ಸಿಗೋದು ಏನು?

1025ರಲ್ಲಿ ಚಾವುಂಡರಾಯ ಅನ್ನೋ ಕವಿ 'ಲೋಕೋಪಕಾರ' ಬರೆದ. ಹೆಸರೇ ಹೇಳೋ ಹಾಗೆ ಲೋಕಕ್ಕೆ ಉಪಕಾರ ಆಗೋ ಎಲ್ಲ ವಿಷಯ ಅದರಲ್ಲಿದೆ: ಮನೆ ಕಟ್ಟೋದು, ನೆಲದೊಳಗಿನ ನೀರು ಪತ್ತೆ ಮಾಡೋದು, ಗಿಡಮರ ಸಾಕೋದು, ಸುಗಂಧ, ಔಷಧ, ಜೊತೆಗೆ ಅಡುಗೆ. ಆ ಕಾಲದ ಇಡ್ಲಿ ವಿಧಾನ ಅದರಲ್ಲಿದೆ. ಉದ್ದಿನಬೇಳೆಯನ್ನು ಮಜ್ಜಿಗೆಯಲ್ಲಿ ನೆನೆಸಿ ರುಬ್ಬಿ, ಮೊಸರಿನ ತಿಳಿ, ಜೀರಿಗೆ, ಕೊತ್ತಂಬರಿ, ಮೆಣಸು, ಇಂಗು ಸೇರಿಸೋದು. ಅಕ್ಕಿಯೇ ಇಲ್ಲ! ನಾವು 'ಸಾಂಪ್ರದಾಯಿಕ' ಅಂತ ತಿನ್ನೋ ಇಡ್ಲಿ ಆ ಇಡ್ಲಿ ಅಲ್ಲ.

ಸುಮಾರು ನೂರು ವರ್ಷ ಆದಮೇಲೆ ಕಲ್ಯಾಣದ ಚಾಲುಕ್ಯ ರಾಜ ಮೂರನೇ ಸೋಮೇಶ್ವರ ಸಂಸ್ಕೃತದಲ್ಲಿ 'ಮಾನಸೋಲ್ಲಾಸ' ಬರೆಸಿದ, ಅಥವಾ ಅವನೇ ಬರೆದ ಅಂತ ಪ್ರತೀತಿ. ಇವನ ಆಳ್ವಿಕೆ 1126ರಿಂದ 1138. ರಾಜಧಾನಿ ಇವತ್ತಿನ ಬೀದರ್ ಜಿಲ್ಲೆಯ ಬಸವಕಲ್ಯಾಣ. ನೂರು ಅಧ್ಯಾಯದ ಈ ಪುಸ್ತಕದಲ್ಲಿ 'ಅನ್ನಭೋಗ' ಅಂತಲೇ ಒಂದು ಅಧ್ಯಾಯ ಇದೆ. ಗೋಧಿ ಹಿಟ್ಟಿನ ಕಣಕದೊಳಗೆ ಹೂರಣ ತುಂಬಿ ಬೇಯಿಸೋ ತಿಂಡಿಗಳು ಅದರಲ್ಲಿ ಬರುತ್ತವೆ. ಅಂದರೆ ನಮ್ಮ ಹೋಳಿಗೆ, ಒಬ್ಬಟ್ಟಿನ ಅಣ್ಣತಮ್ಮಂದಿರು ಒಂಬೈನೂರು ವರ್ಷದ ಹಿಂದೆ ಚಾಲುಕ್ಯರ ತಟ್ಟೆಯಲ್ಲಿದ್ದರು.

ಆಮೇಲೆ 16ನೇ ಶತಮಾನದ ಶುರುವಿನಲ್ಲಿ ಮಂಗರಸನ 'ಸೂಪಶಾಸ್ತ್ರ' ಬಂತು. ಇವತ್ತಿನ ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿಯ ಪಾಳೆಯಗಾರ ಈ ಮಂಗರಸ, ಜೈನ. ಇಡೀ ಸಸ್ಯಾಹಾರಿ ಅಡುಗೆಯನ್ನು ಷಟ್ಪದಿಯಲ್ಲಿ ಬರೆದುಬಿಟ್ಟಿದ್ದಾನೆ. ಬದನೆ, ಹಲಸು, ಬಾಳೆಗೆ ಅಂತಲೇ ದೊಡ್ಡ ಜಾಗ ಕೊಟ್ಟಿದ್ದಾನೆ.

ಮೂರು ಪುಸ್ತಕ ಓದಿದ ಮೇಲೆ ನನಗೆ ಹೊಳೆದ ವಿಷಯ ಇದು. ಇವೆಲ್ಲ ಅರಮನೆಯ, ಅನುಕೂಲಸ್ಥರ ಅಡುಗೆ. ಬರೆಯೋರು, ಬರೆಸೋರು ಇರೋ ಕಡೆ ಇತಿಹಾಸ ಉಳಿಯಿತು. ಇಬ್ಬರ ಮನೆಯ ಅಡುಗೆಗೆ ಯಾರೂ ಷಟ್ಪದಿ ಬರೆಯಲಿಲ್ಲ. ಅದು ಕೈಯಿಂದ ಕೈಗೆ ಬಂತು. ಕೈ ಹೋದರೆ ಅದೂ ಹೋಗುತ್ತೆ. ನನಗೆ ಭಯ ಆಗಿದ್ದು ಇದಕ್ಕೇ.

ಸಾರು ಎಂಬ ಉಳಿತಾಯ ಖಾತೆ

ಈಗ ಒಂದು ಆಟ ಆಡೋಣ. ಯುಗಾದಿ ಎಲೆಯಿಂದ ಐನೂರು ಚಿಲ್ಲರೆ ವರ್ಷದ ಹಿಂದೆ ಇಲ್ಲದಿದ್ದ ಪದಾರ್ಥ ಎಲ್ಲ ತೆಗೆದುಬಿಡೋಣ. ಮಾವಿನಕಾಯಿ ಚಿತ್ರಾನ್ನ ಇದೆಯಲ್ಲ, ಅದರಲ್ಲಿ ಮಾವು ನಮ್ಮದೇ. ಕಡಲೆಕಾಯಿ ಬೀಜ? ಅಮೆರಿಕ ಖಂಡದ್ದು. ಒಗ್ಗರಣೆಗೆ ಹಾಕೋ ಮೆಣಸಿನಕಾಯಿ? ಅದೂ ಅಲ್ಲಿಂದಲೇ. ಬೀನ್ಸ್ ಪಲ್ಯ, ಆಲೂಗಡ್ಡೆ ಪಲ್ಯ, ಟೊಮೆಟೊ? ಎಲ್ಲ ಅಲ್ಲಿಯವೇ. ವಾಸ್ಕೋ ಡ ಗಾಮ ಕಲ್ಲಿಕೋಟೆ ಹತ್ತಿರ ಬಂದಿಳಿದದ್ದು 1498ರಲ್ಲಿ. ಪೋರ್ಚುಗೀಸರು ಗೋವಾ ಹಿಡಿದದ್ದು 1510ರಲ್ಲಿ. ಮೆಣಸಿನಕಾಯಿ ಬಂದದ್ದು ಅವರ ಹಡಗುಗಳ ಜೊತೆ.

ನಮ್ಮ ಭಾಷೆಯೇ ಇದಕ್ಕೆ ಸಾಕ್ಷಿ. 'ಮೆಣಸು' ಅಂದರೆ ಮೊದಲು ಕಪ್ಪು ಕಾಳು ಮಾತ್ರ. ಹೊಸದಾಗಿ ಬಂದ ಕಾಯಿಯೂ ಖಾರ ಇತ್ತು, ಹಾಗಾಗಿ 'ಮೆಣಸಿನ ಕಾಯಿ' ಅಂದರು. ಆಮೇಲೆ ಬಂದವನೇ ಮನೆ ಯಜಮಾನ ಆದ. ಹಳಬ ತನ್ನ ಹೆಸರಿನ ಹಿಂದೆ 'ಕಾಳು', 'ಕರಿ' ಅಂತ ಸೇರಿಸಿಕೊಂಡು 'ಕಾಳುಮೆಣಸು' ಆದ. ಇವತ್ತು ಬ್ಯಾಡಗಿ ಮೆಣಸಿನಕಾಯಿಗೆ ಜಿಐ ಟ್ಯಾಗ್ ಇದೆ, 2011ರಿಂದ. ಹೊರಗಿನಿಂದ ಬಂದ ಗಿಡ ನಮ್ಮೂರ ಹೆಸರಲ್ಲೇ ಪ್ರಪಂಚಕ್ಕೆ ಗೊತ್ತಾಗಿದೆ.

ಹಾಗಾದರೆ ಯುಗಾದಿ ಅಡುಗೆಯ ಗಟ್ಟಿ ಭಾಗ ಯಾವುದು? ಕ್ಯಾಲೆಂಡರ್ ನೋಡಿ. ತೊಗರಿ ಕಟಾವು ಡಿಸೆಂಬರ್-ಜನವರಿಯಲ್ಲಿ, ಕಡಲೆ ಫೆಬ್ರವರಿ-ಮಾರ್ಚ್‌ನಲ್ಲಿ. ಆಲೆಮನೆಯ ಹೊಸ ಬೆಲ್ಲ ಆಗಲೇ ಬಂದಿರುತ್ತೆ. ಹುಣಸೆಹಣ್ಣು ಬಡಿಯೋದು ಇದೇ ಸಮಯಕ್ಕೆ. ಬೇವು ಹೂ ಬಿಡುತ್ತೆ, ಮಾವು ಕಾಯಿ ಕಟ್ಟುತ್ತೆ. ಹೊಸ ಬೇಳೆ, ಹೊಸ ಬೆಲ್ಲ, ಹೊಸ ಹುಣಸೆ. ಚೈತ್ರ ಮಾಸದ ಮೊದಲ ದಿನ ಮನೆಯಲ್ಲಿ ಇರೋದೇ ಇವು. ಒಬ್ಬಟ್ಟು, ಒಬ್ಬಟ್ಟಿನ ಸಾರು, ಬೇವು-ಬೆಲ್ಲ, ಎಲ್ಲ ಅದರಿಂದಲೇ.

ಕಾಮರ್ಸ್ ಓದಿದವನಿಗೆ ಕಣ್ಣು ಅರಳೋದು ಒಬ್ಬಟ್ಟಿನ ಸಾರು ನೋಡಿದಾಗ. ಬೇಳೆ ಬೇಯಿಸ್ತೀರಿ. ಬೆಂದ ಬೇಳೆ ಬಸಿದು ಬೆಲ್ಲದ ಜೊತೆ ಹೂರಣ ಮಾಡ್ತೀರಿ. ಬಸಿದ ನೀರು, ಅಂದರೆ ಬೇಳೆ ಕಟ್ಟು, ಉಳಿಯುತ್ತೆ. ಅದನ್ನು ಚೆಲ್ಲಲ್ಲ. ಅದಕ್ಕೆ ಹುಣಸೆರಸ, ಸಾರಿನ ಪುಡಿ, ರುಬ್ಬಿದ ಕಾಯಿ, ಒಂದು ಹಿಡಿ ಹೂರಣ ಸೇರಿಸಿ ಕುದಿಸಿದರೆ ಸಾರು. ಉತ್ತರ ಕರ್ನಾಟಕದಲ್ಲಿ ಕಡಲೆಬೇಳೆ ಹಾಕಿ ಹೋಳಿಗೆ ಮಾಡಿದರೂ ಕಥೆ ಇದೇ, ಅಲ್ಲಿ ಕಟ್ಟಿನ ಸಾರು. ಒಂದು ಪಾತ್ರೆ, ಒಂದು ಸಲ ಬೇಯಿಸಿದ ಬೇಳೆ, ಎರಡು ಅಡುಗೆ: ಒಂದು ಸಿಹಿ, ಒಂದು ಖಾರ. ಸೌದೆಯೂ ಉಳಿಯಿತು, ಬೇಳೆಯೂ ಉಳಿಯಿತು. ಮಾರನೇ ದಿನಕ್ಕೆ ಆ ಸಾರು ಇನ್ನೂ ರುಚಿ.

ಹದಿನಾಲ್ಕು ಜನಕ್ಕೆ ಅಂತಲೇ ಹುಟ್ಟಿದ ಅಡುಗೆ ಇದಲ್ಲ ಅನ್ನಿಸುತ್ತೆ ನನಗೆ. ಇರೋದರಲ್ಲೇ ಹಬ್ಬ ಮಾಡಬೇಕಾದ ಮನೆಯ ಬುದ್ಧಿ ಇದರಲ್ಲಿದೆ. ಒಂದು ಪಾವಿಗೂ ಇದೇ ಲೆಕ್ಕ, ನಾಲ್ಕು ಸೇರಿಗೂ ಇದೇ ಲೆಕ್ಕ.

ಸೀಟಿ ಹೊಡೆದ ಇತಿಹಾಸ

ಚಿಕ್ಕ ಮನೆಯ ಅಡುಗೆಗೆ ನಿಜವಾದ ತಿರುವು ಬಂದದ್ದು ಯಂತ್ರಗಳಿಂದ. ಬೇಗ ಹೇಳಿಬಿಡ್ತೀನಿ.

ಪ್ರೆಷರ್ ಕುಕ್ಕರ್‌ನ ತಾತನನ್ನು 1679ರಲ್ಲಿ ಲಂಡನ್‌ನಲ್ಲಿ ಡೆನಿ ಪಾಪೆನ್ ಅನ್ನೋ ಫ್ರೆಂಚ್ ವಿಜ್ಞಾನಿ ತೋರಿಸಿದ. ನಮ್ಮ ದೇಶದಲ್ಲಿ ಹಾಕಿನ್ಸ್, ಪ್ರೆಸ್ಟೀಜ್ ಎರಡೂ ಕುಕ್ಕರ್ ಶುರುವಾದದ್ದು 1959ರಲ್ಲಿ. ಮಿಕ್ಸಿ ಕಥೆ ಇನ್ನೂ ಚೆನ್ನಾಗಿದೆ. ಮುಂಬೈಯಲ್ಲಿ ಮಾಧುರಿ ಮಾಥುರ್ ಅವರ ಜರ್ಮನ್ ಮಿಕ್ಸಿ ನಮ್ಮ ರುಬ್ಬೋ ಕೆಲಸ ತಡೀಲಾರದೆ ಸುಟ್ಟುಹೋಯ್ತು. ಗಂಡ ಸತ್ಯಪ್ರಕಾಶ್ ಮಾಥುರ್ ಎಂಜಿನಿಯರ್, ನಮ್ಮ ಮಸಾಲೆಗೆ ತಡೆಯೋ ಮೋಟರ್ ಮಾಡಿದರು. 1963ರಲ್ಲಿ ಸುಮೀತ್ ಹುಟ್ಟಿತು. ಅಲ್ಲಿಗೆ ರುಬ್ಬೋ ಕಲ್ಲು ನಿಧಾನಕ್ಕೆ ಹಿತ್ತಲಿಗೆ ಹೋಯ್ತು. ಇಂಡೇನ್ ಗ್ಯಾಸ್ ಬಂದದ್ದು 1965ರಲ್ಲಿ. ಆದರೆ ಕನೆಕ್ಷನ್‌ಗೆ ವರ್ಷಗಟ್ಟಲೆ ಕಾಯಬೇಕಿತ್ತು. ತೊಂಬತ್ತರ ದಶಕದಲ್ಲೂ ಬೆಂಗಳೂರಿನ ಬಾಡಿಗೆ ಮನೆಗಳಲ್ಲಿ ಸೀಮೆಎಣ್ಣೆ ಸ್ಟವ್ ಉರೀತಿತ್ತು. ಇದನ್ನು ನೆನಪಿಟ್ಟುಕೊಳ್ಳಿ, ಆಮೇಲೆ ಬೇಕು.

ಇನ್ನೊಂದು ದಾರಿ ಪ್ಯಾಕೆಟ್. 1924ರಲ್ಲಿ ಹೋಟೆಲ್ ಆಗಿ ಶುರುವಾದ ಎಂಟಿಆರ್, 1975ರ ತುರ್ತುಪರಿಸ್ಥಿತಿಯಲ್ಲಿ ಹೋಟೆಲ್ ತಿಂಡಿಗೆ ಸರ್ಕಾರ ಕಡಿಮೆ ದರ ಕಟ್ಟಿದಾಗ ನಷ್ಟ ತಡೀಲಾರದೆ ಸಿದ್ಧ ಮಿಕ್ಸ್ ಮಾರೋ ಕಡೆ ತಿರುಗಿತು. ಇವತ್ತು ಬೆಂಗಳೂರಲ್ಲಿ 'ಹೋಳಿಗೆ ಮನೆ' ಅಂತ ಬೋರ್ಡ್ ಹಾಕಿರೋ ಅಂಗಡಿ ರಸ್ತೆಗೊಂದಿದೆ. ಅಲ್ಲಿಂದ ತರೋದು ತಪ್ಪಾ? ಖಂಡಿತ ಅಲ್ಲ. ಎಷ್ಟೋ ಹೆಂಗಸರಿಗೆ ಹಬ್ಬದ ದಿನ ಕೂತು ಉಣ್ಣೋ ಭಾಗ್ಯ ಕೊಟ್ಟಿದ್ದು ಆ ಅಂಗಡಿಗಳೇ. ನಾನು ಮನೇಲಿ ಮಾಡಬೇಕು ಅಂತ ಹಟ ಹಿಡಿದದ್ದಕ್ಕೆ ಕಾರಣ ಬೇರೆ. ನಮ್ಮ ಮನೆಯ ಅಡುಗೆ ನನ್ನ ಕೈಗೆ ಬರದೆ ನಿಂತುಹೋಗಬಾರದು ಅಂತ.

ಹಬ್ಬದ ದಿನ

ಈಗ ಸತ್ಯ ಹೇಳ್ತೀನಿ. ನಾನು ಕೆಡಿಸಿದೆ.

ಬೇಳೆಯನ್ನು ಕುಕ್ಕರ್‌ಗೆ ಹಾಕಿ ಮೂರು ಸೀಟಿ ಕೂಗಿಸಿದೆ. ತೆಗೆದು ನೋಡಿದರೆ ಬೇಳೆ ಎಲ್ಲಿ, ಕಟ್ಟು ಎಲ್ಲಿ ಅಂತ ಗೊತ್ತಾಗ್ತಿಲ್ಲ, ಎಲ್ಲ ಒಂದೇ ಗಂಜಿ. ಒಬ್ಬಟ್ಟಿಗೆ ಬೇಳೆ ತೆರೆದ ಪಾತ್ರೆಯಲ್ಲಿ ಬೇಯಬೇಕು. ಬೆರಳಲ್ಲಿ ಒತ್ತಿದರೆ ಹಿಸುಕಬೇಕು, ಆದರೆ ಕರಗಿರಬಾರದು. ದೊಡ್ಡಮ್ಮ ಇದನ್ನು ಹೇಳಿದ್ದಳು. ನಾನು ಬೇಗ ಆಗಲಿ ಅಂತ 1959ರ ತಂತ್ರಜ್ಞಾನದ ಮೊರೆ ಹೋಗಿದ್ದೆ.

ಮತ್ತೆ ಫೋನ್. ದೊಡ್ಡಮ್ಮ ನಕ್ಕಳು. 'ಅಯ್ಯೋ ಬಿಡು, ಜಾಲರಿಯಲ್ಲಿ ಸೋಸು. ಎಷ್ಟು ಕಟ್ಟು ಬರುತ್ತೋ ಬರಲಿ. ಬೆಲ್ಲ ಹಾಕಿ ಸಣ್ಣ ಉರಿಯಲ್ಲಿ ಮಗುಚ್ತಾ ಇರು. ಗಟ್ಟಿ ಆಗಲಿಲ್ಲ ಅಂದ್ರೆ ಹುರಿಗಡಲೆ ಪುಡಿ ಹಾಕು' ಅಂದಳು. ಮಗುಚಿದೆ. ಅರ್ಧ ಗಂಟೆ ಆಯ್ತು. ತೋಳು ಬಿದ್ದುಹೋಯ್ತು. ಇಬ್ಬರಿಗೆ ಒಂದು ಪಾವಿಗೇ ಹೀಗೆ, ಹದಿನಾಲ್ಕು ಜನಕ್ಕೆ ಆ ಮೂವರು ಏನು ಮಾಡಿರಬೇಕು?

ಕಣಕ ಬೆಳಿಗ್ಗೆಯೇ ಕಲಸಿಟ್ಟಿದ್ದೆ: ಮೈದಾ, ಚಿರೋಟಿ ರವೆ, ಚೂರು ಅರಿಶಿನ, ಕೈ ತುಂಬ ಎಣ್ಣೆ. ಬಾಳೆಲೆ ಮೇಲೆ ತಟ್ಟೋಕೆ ಹೋದರೆ ಮೊದಲನೇದು ಹರಿದು ಹೂರಣ ಹೊರಗೆ ಬಂತು. ಎರಡನೇದೂ ಹಾಗೇ. ಅಷ್ಟು ಹೊತ್ತಿಗೆ ಅಪ್ಪ ಅಡುಗೆ ಮನೆ ಬಾಗಿಲಲ್ಲಿ ನಿಂತಿದ್ದ. ಎಷ್ಟು ಹೊತ್ತಿಂದ ನಿಂತಿದ್ದನೋ ಗೊತ್ತಿಲ್ಲ.

'ಮೊದ್ಲು ಅವಳೂ ಹಿಂಗೇ ಹರಿದಿದ್ಲು' ಅಂದ.

ಯಾವಾಗ ಅಂತ ಕೇಳಿದೆ. ಅಪ್ಪ ಸ್ಟೂಲ್ ಎಳ್ಕೊಂಡು ಕೂತ. 1994ರಲ್ಲಿ ಮದುವೆ ಆಗಿ ಬೆಂಗಳೂರಿಗೆ ಬಂದಾಗ ಒಂದೇ ಕೋಣೆಯ ಬಾಡಿಗೆ ಮನೆ. ಆಗ ಅಪ್ಪನಿಗೆ ಯುಗಾದಿಗೆ ರಜೆ ಸಿಗಲಿಲ್ಲ, ಊರಿಗೆ ಹೋಗೋಕೆ ಆಗಲಿಲ್ಲ. ಗ್ಯಾಸ್ ಇರಲಿಲ್ಲ, ಸೀಮೆಎಣ್ಣೆ ಸ್ಟವ್. ಮಿಕ್ಸಿ ಇರಲಿಲ್ಲ, ಓನರ್ ಮನೆ ರುಬ್ಬೋ ಕಲ್ಲು. ಅಮ್ಮನಿಗೆ ಇಪ್ಪತ್ತೊಂದು ವರ್ಷ. ಅಲ್ಲಿತನಕ ಅವಳು ಒಬ್ಬಟ್ಟಿಗೆ ಕಣಕ ಕಲಸಿದ್ದಳೇ ಹೊರತು ತಟ್ಟಿರಲಿಲ್ಲ. ತವರಿಂದ ತಂದಿದ್ದ ಪಾವಿನಲ್ಲಿ ಒಂದು ಪಾವು ಬೇಳೆ ಹಾಕಿದಳು. ಮೊದಲ ನಾಲ್ಕು ಹರಿದವು. 'ಹರಿದಿದ್ದನ್ನ ನಂಗೇ ಹಾಕಿದ್ಲು' ಅಂತ ಅಪ್ಪ ನಕ್ಕ.

ನಾನು ಸುಮ್ಮನೆ ನಿಂತುಬಿಟ್ಟೆ. ಈ ಮನೆಯ ಮೊದಲನೇ ಹಬ್ಬವೂ ಇಬ್ಬರದೇ! ಆಮೇಲೆ ನಾನು ಹುಟ್ಟಿದೆ, ಮೂವರಾದೆವು, ಊರಿಗೆ ಹೋಗಿ ಹದಿನಾಲ್ಕು ಜನರಾದೆವು, ಮತ್ತೆ ಇಬ್ಬರಾದೆವು. ಶಾ ಅವರ ಪುಸ್ತಕದ ಚಕ್ರ ನಮ್ಮ ಅಡುಗೆ ಮನೆಯಲ್ಲೇ ತಿರುಗಿತ್ತು. 'ಇಬ್ರಿಗೆ ಏನ್ ಹಬ್ಬ' ಅಂದಿದ್ದ ಅಪ್ಪನಿಗೂ ಅದು ನೆನಪಾದದ್ದು ಒಬ್ಬಟ್ಟು ಹರಿದಾಗಲೇ.

ಅಪ್ಪ ಎದ್ದು ಕೈ ತೊಳೆದ. 'ನೀನು ತಟ್ಟು, ನಾನು ಬೇಯಿಸ್ತೀನಿ' ಅಂದ. ಮೂರನೇದು ನಿಂತಿತು. ಒಟ್ಟು ಹದಿಮೂರು ಆದವು, ಹರಿದ ಎರಡೂ ಸೇರಿ. ಬೇಳೆ ಕರಗಿಹೋಗಿದ್ದರಿಂದ ಸಾರು ಮಾಮೂಲಿಗಿಂತ ಗಟ್ಟಿ ಆಗಿತ್ತು. ಅಪ್ಪ ಎರಡು ಸಲ ಹಾಕಿಸಿಕೊಂಡ, ಉಪ್ಪು ಕಮ್ಮಿ ಅಂತಲೂ ಹೇಳಿದ. ಇಬ್ಬರೂ ಒಟ್ಟಿಗೆ ಕೂತು ಉಂಡೆವು. ಬಡಿಸೋಕೆ ಅಂತ ಯಾರೂ ಒಳಗೆ ನಿಂತಿರಲಿಲ್ಲ. ಮಾರನೇ ದಿನದ ಹೊಸತೊಡಕಿನ ಕಥೆ ಬೇರೆ ಎಪಿಸೋಡ್‌ಗೆ ಇರಲಿ, ಅದರಲ್ಲಿ ಮಟನ್ ಇದೆ.

ಒಂದು ಕೆಲಸ ಬಾಕಿ ಇತ್ತು. ಪಕ್ಕದ ಮನೆ ಆಂಟಿಯ ಸ್ಟೀಲ್ ಡಬ್ಬಿ. ಹಬ್ಬಕ್ಕೆ ಕೊಟ್ಟ ಡಬ್ಬಿಯನ್ನು ಖಾಲಿ ವಾಪಸ್ ಕೊಡಬಾರದು ಅಂತ ಅಮ್ಮ ಹೇಳ್ತಿದ್ದಳು. ಸೂತಕದ ವರ್ಷ ಅಂತ ತುಂಬಿಸೋಕೂ ಆಗಿರಲಿಲ್ಲ, ಆಮೇಲೆ ಹಾಗೇ ಉಳಿದುಹೋಗಿತ್ತು. ನಾಲ್ಕು ಒಬ್ಬಟ್ಟು ಹಾಕಿ, ಹರಿಯದೇ ಇದ್ದವನ್ನೇ ಆರಿಸಿ ಹಾಕಿ, ಅಪ್ಪನೇ ಹೋಗಿ ಕೊಟ್ಟು ಬಂದ.

ಇವತ್ತಿಗೆ ಇಷ್ಟು. ಹೊರಡೋ ಮೊದಲು ನಿಮಗೊಂದು ಹೋಂವರ್ಕ್. ನಿಮ್ಮ ಮನೆಯ ಅಕ್ಕಿ ಡಬ್ಬದಲ್ಲಿ ಪಾವು, ಲೋಟ, ಚಿಪ್ಪು, ಏನು ಅಳತೆ ಇದೆ ನೋಡಿ. ಅದರಲ್ಲಿ ಬೇಳೆ ಅಳೆದು, ತೂಕ ಹಾಕಿ, ಎಷ್ಟು ಗ್ರಾಂ ಅಂತ ಬರೆದಿಟ್ಟುಕೊಳ್ಳಿ. ಅಳೆಯೋ ಕೈ ಮನೆಯಲ್ಲಿ ಇರುವಾಗಲೇ ಕೇಳಿ ಬರೆದುಕೊಳ್ಳಿ. ನನಗೂ ಒಂದು ವಾಯ್ಸ್ ನೋಟ್ ಕಳಿಸಿ, ಮುಂದಿನ ಸಂಚಿಕೆಯಲ್ಲಿ ಕೇಳಿಸ್ತೀನಿ. ನಮ್ಮ ಮನೆ ಲೆಕ್ಕ ನಿಮಗೆ ಗೊತ್ತಿದೆ: ಒಂದು ಪಾವು, 215 ಗ್ರಾಂ, ಹದಿಮೂರು ಒಬ್ಬಟ್ಟು.

ಮುಂದಿನ ವಾರ ಸಿಗೋಣ. ನಮಸ್ಕಾರ.